ಚಿಲ್ಲರೆ ಅಂಗಡಿಯಲ್ಲಿ ಸೊಪ್ಪು ಇಡುವವರಿಗೆ

ಕೆಜಿಎಫ್ ಲೈನ್ ಮನೆಗಳ (ಗಣಿ ಕಾರ್ಮಿಕರ ಸಾಲು ಮನೆಗಳ) ಕಡೆ ಅಂಗಡಿ ಇಟ್ಟಿರುವವರಿಗೆ ಒಂದು ಸಲಹೆ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ರಾಶಿ ರಾಶಿ ಬರುತ್ತದೆ, ನಮ್ಮ ಬೀದಿ ಅಂಗಡಿಯಲ್ಲಿ ಮಾತ್ರ ಚಿಪ್ಸ್ ಪೊಟ್ಟಣಗಳದ್ದೇ ತೋರಣ, ಅಲ್ವಾ? ಸೊಪ್ಪು ಬಾಡುತ್ತದೆ ಅನ್ನೋ ಭಯಕ್ಕೆ ಎಷ್ಟೋ ಜನ ತರುವುದೇ ಇಲ್ಲ.

ದಂಟು, ಸಬ್ಬಸಿಗೆ, ಮೆಂತ್ಯ ಸ್ವಲ್ಪವೇ ತನ್ನಿ. ಬೇರು ಕತ್ತರಿಸಬೇಡಿ. ಗೋಣಿಚೀಲ ನೆನೆಸಿ, ಚೆನ್ನಾಗಿ ಹಿಂಡಿ, ಬೇರಿನ ಕಡೆ ಸುತ್ತಿ ನೆರಳಲ್ಲಿ ನಿಲ್ಲಿಸಿ. ಎಲೆ ಮೇಲೆ ಸುಮ್ನೆ ನೀರು ಚಿಮುಕಿಸುತ್ತಿದ್ದರೆ ಕೊಳೆಯುವುದೇ ಜಾಸ್ತಿ. ಕೂಲಿಗೆ ಹೋದವರು ಸಂಜೆ ಬರುತ್ತಾರೆ, ಅವರಿಗೂ ಒಂದಿಷ್ಟು ಎತ್ತಿಡಿ. ಅರ್ಧ ಕಟ್ಟು ಕೇಳಿದರೂ ಕೊಡಿ.

ಕಾಲು ಕೆಜಿ ರಾಗಿಹಿಟ್ಟು, 10 ರೂಪಾಯಿಯ ಮೊಳಕೆ ಹುರುಳಿ ಪೊಟ್ಟಣ ಗಲ್ಲಾ ಪಕ್ಕದಲ್ಲೇ ಇರಲಿ. ಮೊಳಕೆಕಾಳು ಮಾತ್ರ ಅವತ್ತೇ ಮಾರಿ. ಸೆಕೆಗೆ ಬೇಗ ವಾಸನೆ ಬರುತ್ತದೆ.