ಹತ್ತು ಎಕರೆ ಕೊಳ್ಳುವ ಮೊದಲು: ಟೆಕ್ಸಸ್‌ನ ಹಳ್ಳಿ ಕೌಂಟಿಯಲ್ಲಿ ದಾಖಲೆ ಕೇಳುವುದು ಹೇಗೆ

ಟೆಕ್ಸಸ್‌ಗೆ ಬಂದು ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ನಮ್ಮವರಲ್ಲಿ ಅರ್ಧ ಜನಕ್ಕೆ ಒಂದು ಹುಚ್ಚು ಹಿಡಿಯುತ್ತದೆ. ಊರಾಚೆ ಹತ್ತು ಎಕರೆ ಜಮೀನು ಬೇಕು. ಮಾವಿನ ಗಿಡ ಹಾಕಬೇಕು, ಎರಡು ಹಸು ಕಟ್ಟಬೇಕು. ಇಲ್ಲಿಯ ಹಿಮಕ್ಕೆ ಮಾವು ಸುಟ್ಟುಹೋಗುತ್ತದೆ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ. ನಮ್ಮೂರಲ್ಲಿ ಕೊಳ್ಳೋಣ ಅಂದರೆ ಭಾರತದ ವಿದೇಶಿ ವಿನಿಮಯ ಕಾನೂನು ಫೆಮಾ ಅಡ್ಡ. ಎನ್‌ಆರ್‌ಐ, ಒಸಿಐ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರು) ಆದವರು ಕೃಷಿ ಜಮೀನು ಖರೀದಿ ಮಾಡುವ ಹಾಗಿಲ್ಲ. ಹಿರಿಯರಿಂದ ಪಾಲು ಬಂದರೆ ಉಂಟು. ಇಲ್ಲಿ ಎಚ್‌-1ಬಿ ವೀಸಾದಲ್ಲಿ ಇರುವ ನಮ್ಮ ಹುಡುಗರೂ ಕೊಳ್ಳಬಹುದು. ಹುಟ್ಟಿದ ಮಣ್ಣು ಬೇಡ ಅನ್ನುತ್ತದೆ, ಹೊಟ್ಟೆಪಾಡಿಗೆ ಬಂದ ಮಣ್ಣು ಬಾ ಅನ್ನುತ್ತದೆ. ಇರಲಿ.

ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಪಹಣಿ ಎಲ್ಲಿ ಸಿಗುತ್ತೆ? ಇಸಿ ಯಾರು ಕೊಡ್ತಾರೆ?" ಪಹಣಿಯೂ ಇಲ್ಲ, ಇಸಿ ಅನ್ನುವ ಋಣಭಾರ ಪತ್ರವೂ ಇಲ್ಲ. ಕರ್ನಾಟಕದ ಭೂಮಿ, ಕಾವೇರಿ ವೆಬ್‌ಸೈಟ್‌ಗಳ ತರಹ ಇಡೀ ರಾಜ್ಯಕ್ಕೆ ಒಂದೇ ಕಿಟಕಿಯೂ ಇಲ್ಲ. ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ (ನಮ್ಮ ಜಿಲ್ಲೆಗಳ ಹಾಗೆ), ಜಮೀನಿನ ಕಾಗದ ಆಯಾ ಕೌಂಟಿಯಲ್ಲೇ ಇರುತ್ತದೆ. ಕೌಂಟಿಯೊಳಗೂ ಒಂದೊಂದು ಕಾಗದ ಒಂದೊಂದು ಮೇಜಿನಲ್ಲಿ. ಕ್ರಯಪತ್ರ, ಸಾಲದ ಪತ್ರ, ಮದುವೆ ಲೈಸೆನ್ಸ್, ಉಯಿಲು ಕೌಂಟಿ ಕ್ಲರ್ಕ್ ಹತ್ತಿರ. ವಿಚ್ಛೇದನ, ದೊಡ್ಡ ಸಿವಿಲ್ ದಾವೆ, ದೊಡ್ಡ ಕ್ರಿಮಿನಲ್ ಕೇಸು ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ. 8,000ಕ್ಕಿಂತ ಕಡಿಮೆ ಜನ ಇರುವ ಕೌಂಟಿಯಲ್ಲಿ ಎರಡೂ ಕೆಲಸವನ್ನು ಸಾಮಾನ್ಯವಾಗಿ ಒಬ್ಬರೇ ಮಾಡುತ್ತಾರೆ. ಟ್ರಾಫಿಕ್ ಟಿಕೆಟ್ ಇದ್ದರೆ ಜಸ್ಟಿಸ್ ಆಫ್ ದ ಪೀಸ್ ಅನ್ನುವ ಕೆಳಹಂತದ ನ್ಯಾಯಾಧೀಶರ ಹತ್ತಿರ. ಕಾರಿನ ಅಪಘಾತದ ವರದಿ ರಾಜ್ಯದ ಸಾರಿಗೆ ಇಲಾಖೆಯ ವೆಬ್‌ಸೈಟ್‌ನಲ್ಲಿ, ಆರು ಡಾಲರ್.

ತೆರಿಗೆ ಮೌಲ್ಯ ಅಪ್ರೈಸಲ್ ಡಿಸ್ಟ್ರಿಕ್ಟ್ ಹತ್ತಿರ. ಅವರ ವೆಬ್‌ಸೈಟ್‌ನಲ್ಲಿ ಮಾಲೀಕರ ಹೆಸರು, ನಕ್ಷೆ ಎಲ್ಲ ಚೆನ್ನಾಗಿ ಕಾಣುತ್ತದೆ. ಅದನ್ನೇ ನಂಬಿ ಮುಂದುವರಿಯುವವರು ಜಾಸ್ತಿ. ಖಾತೆ ಇದ್ದ ಮಾತ್ರಕ್ಕೆ ಹಕ್ಕು ಸಾಬೀತಾಗುವುದಿಲ್ಲ ಅಂತ ಊರಲ್ಲಿ ನಮಗೇ ಗೊತ್ತಿರುತ್ತದೆ, ಅಲ್ವಾ? ಇಲ್ಲೂ ಅಷ್ಟೇ. ಹಕ್ಕು ಇರುವುದು ಕ್ಲರ್ಕ್ ಹತ್ತಿರ ನೋಂದಾಯಿಸಿದ ಪತ್ರಗಳ ಸರಪಳಿಯಲ್ಲಿ.

ಆ ಸರಪಳಿಯನ್ನು ಟೈಟಲ್ ಕಂಪನಿ, ಅಂದರೆ ಜಮೀನಿನ ಹಕ್ಕಿಗೆ ವಿಮೆ ಕೊಡುವ ಕಂಪನಿ, ನೋಡುತ್ತದೆ, ನಿಜ. ಆದರೆ ವಿಮೆಗೆ ಮೊದಲು ಅವರು ಕೊಡುವ ಕಮಿಟ್‌ಮೆಂಟ್ ಕಾಗದದಲ್ಲಿ ಶೆಡ್ಯೂಲ್ ಬಿ ಅಂತ ಒಂದು ಭಾಗ ಇರುತ್ತದೆ. ಇವಿಷ್ಟಕ್ಕೆ ನಾವು ಜವಾಬ್ದಾರರಲ್ಲ ಅನ್ನುವ ಪಟ್ಟಿ ಅದು. ಪ್ರತಿ ಸಾಲಿನಲ್ಲೂ ವಾಲ್ಯೂಮ್ ನಂಬರ್, ಪುಟದ ನಂಬರ್ ಕೊಟ್ಟಿರುತ್ತಾರೆ. ಆ ನಂಬರ್‌ಗಳನ್ನು ಬರೆದುಕೊಂಡು ಕ್ಲರ್ಕ್ ಕಚೇರಿಗೆ ಹೋಗಿ ಪ್ರತಿಯೊಂದರ ನಕಲು ತೆಗೆಸಿ. ಪುಟಕ್ಕೆ ಒಂದು ಡಾಲರ್. ದೃಢೀಕರಿಸಿದ ಪ್ರತಿ ಬೇಕಾದರೆ ಮೇಲೆ ಐದು ಡಾಲರ್. ಊಟದ ಹೊತ್ತಿಗೆ ಬಾಗಿಲು ಹಾಕುವ ಕಚೇರಿಗಳೂ ಇವೆ, ಫೋನ್ ಮಾಡಿ ಹೊರಡಿ.

ಅಲ್ಲಿ ಹೆಚ್ಚಾಗಿ ಹುಡುಕಬೇಕಾದದ್ದು ಖನಿಜ ಹಕ್ಕು. ಟೆಕ್ಸಸ್‌ನಲ್ಲಿ ಮೇಲಿನ ಮಣ್ಣು ಒಬ್ಬರದು, ಕೆಳಗಿನ ಎಣ್ಣೆ, ಗ್ಯಾಸ್ ಇನ್ನೊಬ್ಬರದು ಆಗಿರಬಹುದು. ಎಷ್ಟೋ ದಶಕದ ಹಿಂದೆ ಯಾರೋ ಮಾರುವಾಗ "ಖನಿಜ ಮಾತ್ರ ನನಗೇ ಇರಲಿ" ಅಂತ ಬರೆಸಿಕೊಂಡಿದ್ದರೆ ಅದು ಇವತ್ತಿಗೂ ನಡೆಯುತ್ತದೆ. ಕೆಳಗಿನ ಹಕ್ಕಿದ್ದವರು ಎಣ್ಣೆ ತೆಗೆಯಲು ಬೇಕಾದಷ್ಟು ನಿಮ್ಮ ನೆಲ ಬಳಸಬಹುದು. ನಿಮ್ಮ ಮಾವಿನ ತೋಪಿಗೆ ಅಂತ ಮಾರ್ಕ್ ಮಾಡಿದ ಜಾಗವೂ ಅದರಲ್ಲಿ ಸೇರಬಹುದು.

ನೋಡಬೇಕಾದ ಇನ್ನೊಂದು ವಿಷಯ ರಸ್ತೆ. ಟಾರ್ ಇದೆ, ಹೆಸರಿನ ಬೋರ್ಡ್ ಇದೆ ಅಂತ ಅದು ಕೌಂಟಿ ರಸ್ತೆ ಆಗುವುದಿಲ್ಲ. ನನ್ನ ಸ್ನೇಹಿತರೊಬ್ಬರು ಮಳೆಗೆ ಕಿತ್ತುಹೋದ ರಸ್ತೆ ಬಗ್ಗೆ ದೂರು ಕೊಟ್ಟಾಗ ಗೊತ್ತಾಯಿತು, ಅದು ಖಾಸಗಿ ರಸ್ತೆ, ರಿಪೇರಿ ಅಕ್ಕಪಕ್ಕದವರದೇ. ಕೌಂಟಿ ಯಾವ ರಸ್ತೆ ನೋಡಿಕೊಳ್ಳುತ್ತದೆ ಅನ್ನುವ ಪಟ್ಟಿ ಕಮಿಷನರ್ಸ್ ಕೋರ್ಟ್ ಹತ್ತಿರ ಇರುತ್ತದೆ. ಕೋರ್ಟ್ ಅಂದರೆ ಹೆದರಬೇಡಿ, ಅದು ನಮ್ಮ ಜಿಲ್ಲಾ ಪಂಚಾಯಿತಿಯಂಥ ಸಭೆ: ನಾಲ್ಕು ಕಮಿಷನರ್, ಮೇಲೊಬ್ಬ ಕೌಂಟಿ ಜಡ್ಜ್. ಆ ಜಡ್ಜ್ ವಕೀಲಿ ಓದಿರಬೇಕು ಅಂತಲೂ ಇಲ್ಲ. ಹಾಗೇ ಸೆಪ್ಟಿಕ್ ಟ್ಯಾಂಕಿನ ಪರ್ಮಿಟ್, ನಕ್ಷೆ ಕೇಳಿ. ಹೆಚ್ಚಿನ ಕಡೆ ಕೌಂಟಿಯಲ್ಲೇ ಇರುತ್ತದೆ. ಕೃಷಿ ಮೌಲ್ಯದಲ್ಲಿ ತೆರಿಗೆ ಕಟ್ಟುತ್ತಿದ್ದ ಜಮೀನನ್ನು ಬೇರೆ ಕೆಲಸಕ್ಕೆ ಬಳಸಿದರೆ ಮಾರುಕಟ್ಟೆ ಬೆಲೆಯ ತೆರಿಗೆಗೂ ಅದಕ್ಕೂ ಇದ್ದ ಹಿಂದಿನ ಮೂರು ವರ್ಷದ ವ್ಯತ್ಯಾಸ ಕಟ್ಟಬೇಕು, ಇದನ್ನೂ ಮಾರುವವರು ತಾವಾಗಿ ಹೇಳುವುದಿಲ್ಲ.

ಇಂಥ ಪಟ್ಟಿ, ಪರ್ಮಿಟ್ ಕೇಳಲು ಟೆಕ್ಸಸ್‌ನಲ್ಲಿ 1973ರಿಂದ ಕಾನೂನು ಇದೆ, ಪಬ್ಲಿಕ್ ಇನ್ಫರ್ಮೇಷನ್ ಆ್ಯಕ್ಟ್. ಕೋರ್ಟಿನ ಕಡತಗಳು ಇದರಡಿ ಬರುವುದಿಲ್ಲ, ಅವಕ್ಕೆ ನೇರ ಕ್ಲರ್ಕ್ ಹತ್ತಿರ ಹೋಗಬೇಕು. ನಾನು ಮೊದಲ ಅರ್ಜಿ ಬರೆದಾಗ ಕೈ ತಾನಾಗಿಯೇ ಊರಿನ ಮನವಿ ಪತ್ರದ ಧಾಟಿಗೆ ಹೋಯಿತು. ಮಾನ್ಯರೇ, ನಾನು ಇಂಥಲ್ಲಿಯ ನಿವಾಸಿ, ಇಂಥ ಕಂಪನಿಯಲ್ಲಿ ಇಂಜಿನಿಯರ್, ಇಬ್ಬರು ಮಕ್ಕಳು, ಆದ್ದರಿಂದ ದಯಮಾಡಿ. ಕೊನೆಗೆ ಪ್ರಶ್ನೆ: ಈ ರಸ್ತೆಯನ್ನು ಕೌಂಟಿ ಯಾಕೆ ನೋಡಿಕೊಳ್ಳುತ್ತಿಲ್ಲ? ಬಂದ ಉತ್ತರ ಒಂದೇ ಸಾಲು, ಯಾವ ದಾಖಲೆ ಬೇಕು ಅಂತ ತಿಳಿಸಿ. ಸರಿಯೇ. ಈ ಕಾನೂನಿನಲ್ಲಿ ಇರುವ ಕಾಗದ ಕೊಡಬೇಕು, ಪ್ರಶ್ನೆಗೆ ಉತ್ತರ ಬರೆದುಕೊಡಬೇಕಾಗಿಲ್ಲ. ನಿಮಗೆ ಯಾಕೆ ಬೇಕು ಅಂತ ಅವರು ಕೇಳುವ ಹಾಗೂ ಇಲ್ಲ. ಊರಿನ ಆರ್‌ಟಿಐನಲ್ಲೂ ಕಾರಣ ಹೇಳಬೇಕಾಗಿಲ್ಲ, ಆದರೂ ಸರ್ಕಾರಿ ಮೇಜಿನ ಮುಂದೆ ನಿಂತರೆ ನಮಗೆ ಬೆನ್ನು ಬಾಗುತ್ತದಲ್ಲ, ಆ ಅಭ್ಯಾಸ ವಿಮಾನ ಹತ್ತಿ ಬಂದಿದೆ. ಕಾಗದದ ಹೆಸರು, ಜಾಗ, ಯಾವ ವರ್ಷದಿಂದ ಯಾವ ವರ್ಷದವರೆಗೆ: ಮೂರು ಸಾಲು ಸಾಕು.

ಅರ್ಜಿಯನ್ನು ಅವರು ಗೊತ್ತುಮಾಡಿದ ಇಮೇಲ್ ಅಥವಾ ವಿಳಾಸಕ್ಕೇ ಕಳಿಸಿ, ಇಲ್ಲವೇ ಕೈಯಲ್ಲಿ ಕೊಡಿ. ಹತ್ತು ಕೆಲಸದ ದಿನದಲ್ಲಿ ಕಾಗದ ಕೈಗೆ ಬಂದೇಬಿಡುತ್ತದೆ ಅಂದುಕೊಳ್ಳಬೇಡಿ. ಅಷ್ಟರಲ್ಲಿ ಕೊಡಲಾಗದಿದ್ದರೆ ಯಾವಾಗ ಕೊಡುತ್ತೇವೆ ಅಂತ ಬರೆದು ತಿಳಿಸಬೇಕು, ಅಥವಾ ಗುಟ್ಟಾಗಿಡಬೇಕು ಅನ್ನಿಸಿದರೆ ರಾಜ್ಯದ ಅಟಾರ್ನಿ ಜನರಲ್‌ಗೆ ಕೇಳಬೇಕು. ಸಾಮಾನ್ಯ ನಕಲಿಗೆ ಪುಟಕ್ಕೆ ಹತ್ತು ಸೆಂಟ್. ಖರ್ಚು 40 ಡಾಲರ್ ದಾಟಿದರೆ ಮೊದಲೇ ಅಂದಾಜು ಪಟ್ಟಿ ಕಳಿಸುತ್ತಾರೆ. ಅದಕ್ಕೆ ಹತ್ತು ಕೆಲಸದ ದಿನದೊಳಗೆ ನೀವು ಉತ್ತರ ಕೊಡದಿದ್ದರೆ ಅರ್ಜಿ ತಾನಾಗಿ ಬಿದ್ದುಹೋಗುತ್ತದೆ. ಸ್ಪ್ಯಾಮ್ ಫೋಲ್ಡರ್ ನೋಡುತ್ತಿರಿ.

ಇನ್ನು ನಮ್ಮ ಹೆಸರುಗಳ ಫಜೀತಿ. ಕ್ಲರ್ಕ್ ಹತ್ತಿರದ ಸೂಚಿಯಲ್ಲಿ ಮಾರಿದವರು, ಕೊಂಡವರು ಎಲ್ಲ ಕೊನೆಯ ಹೆಸರಿನ ಮೇಲೆ. ನನ್ನ ಕೊನೆಯ ಹೆಸರು ನಮ್ಮಪ್ಪನದು, ಹೆಂಡತಿಯದು ಅವರಪ್ಪನದು, ಮಗನದು ನನ್ನದು. ಒಂದೇ ಮನೆಯ ಮೂವರು ಸೂಚಿಯ ಮೂರು ಕಡೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಿದ್ದವರ ಕಷ್ಟ ಬೇರೆಯೇ. ಪತ್ರ ನೋಂದಣಿ ಆಗುವ ಮೊದಲೇ ಡ್ರಾಫ್ಟ್ ತರಿಸಿ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಮಗುವಿನ ಜನನ ಪತ್ರಕ್ಕೂ ಇದೇ ಮಾತು, ಮುಂದೆ ಒಸಿಐಗೆ ಬೇಕಾಗುತ್ತದೆ. ಜನನ ಪತ್ರ 75 ವರ್ಷ ಎಲ್ಲರಿಗೂ ಸಿಗುವುದಿಲ್ಲ, ಮನೆಯವರು ಗುರುತು ತೋರಿಸಿ ತೆಗೆದುಕೊಳ್ಳಬೇಕು.

ಹಳೆ ಪತ್ರಗಳನ್ನು ಓದುತ್ತಾ ಕೂತರೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ. ಅಳತೆ ಎಷ್ಟೋ ಕಡೆ ವಾರಾ ಲೆಕ್ಕದಲ್ಲಿ, ಸ್ಪೇನಿನವರು ಬಿಟ್ಟುಹೋದ ಅಳತೆ, ಒಂದು ವಾರಾ ಅಂದರೆ 33 ಇಂಚು ಮತ್ತು ಮೂರನೇ ಒಂದು. ಇಂಥ ಓಕ್ ಮರದಿಂದ ಉತ್ತರಕ್ಕೆ ಇಷ್ಟು ವಾರಾ, ಅಲ್ಲಿಂದ ಹಳ್ಳದ ದಂಡೆ. ನಮ್ಮ ತಾತನ ಕ್ರಯಪತ್ರದ ಚಕ್ಕುಬಂದಿಯೂ ಹೀಗೇ ಇದೆ, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಹುಣಸೇಮರ. ಟೆಕ್ಸಸ್‌ನ ಪತ್ರವನ್ನು ನನ್ನ ಮಗ ಸಲೀಸಾಗಿ ಓದುತ್ತಾನೆ. ಹಾಸನದ ಪಹಣಿ ಕೊಟ್ಟರೆ ತಲೆಕೆಳಗಾಗಿ ಹಿಡಿಯುತ್ತಾನೆ. ನಾಳೆ ಪಾಲು ಬರುವುದು ಅವನಿಗೇ. ಕನ್ನಡ ಶಾಲೆಗೆ ಭಾನುವಾರ ಕಳಿಸಿದ್ದು ಸಾಲದು, ನನಗೂ ಗೊತ್ತು.

ಹಾಗಾಗಿ ಇಲ್ಲಿಯ ಕಾಗದ ಜೋಡಿಸುವಾಗ ಅಲ್ಲಿಯದಕ್ಕೂ ಒಂದು ಫೈಲ್ ಮಾಡಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಅದರೊಳಗಿನ ಭಾಗಗಳ ಸರ್ನೋಕ್, ಹಿಸ್ಸಾ ನಂಬರ್: ಇಷ್ಟನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಡಿ, ಭೂಮಿ ವೆಬ್‌ಸೈಟ್‌ನಲ್ಲಿ ಮಕ್ಕಳೇ ನೋಡಿಕೊಳ್ಳಬಹುದು. ಯಾವ ಹಿಸ್ಸಾ ಯಾವ ಚಿಕ್ಕಪ್ಪನದು, ಯಾವುದು ಬಾಯಿಮಾತಿನ ಪಾಲು ಅನ್ನುವುದು ಮಾತ್ರ ಯಾವ ವೆಬ್‌ಸೈಟ್‌ನಲ್ಲೂ ಇಲ್ಲ. ಅಪ್ಪನಿಗೋ ದೊಡ್ಡಪ್ಪನಿಗೋ ಈ ವಾರವೇ ಫೋನ್ ಮಾಡಿ ಕೇಳಿ, ಬರೆದುಕೊಳ್ಳಿ.