ಹಳದಿ ಬಾವುಟ ಕಣ್ತಪ್ಪದಿರಲು

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸಲು ಹೊರಟಿರುವವರಿಗೆ: ಮೊದಲ ನಿಧಾನದ ಲ್ಯಾಪಿನಲ್ಲಿ ಬ್ರೇಕ್ ಹಾಕುವ ಜಾಗ ಹುಡುಕಬೇಡಿ, ಮಾರ್ಷಲ್ ಪೋಸ್ಟ್ (ಟ್ರ್ಯಾಕ್ ಸಿಬ್ಬಂದಿ ಬಾವುಟ ಹಿಡಿದು ನಿಲ್ಲುವ ಜಾಗ) ಹುಡುಕಿ. ಒಂದೊಂದು ಕಂಡಾಗಲೂ ಹೆಲ್ಮೆಟ್ಟಿನೊಳಗೇ 'ಎಡಕ್ಕೊಂದು', 'ಬಲಕ್ಕೊಂದು' ಅಂತ ಬಾಯಿಬಿಟ್ಟು ಹೇಳಿಕೊಳ್ಳಿ (ಯಾರಿಗೂ ಕೇಳಿಸಲ್ಲ, ನಾಚಿಕೆ ಬೇಡ). ಆಮೇಲೆ ಪ್ರತಿ ಸಲವೂ ಬ್ರೇಕ್ ತುಳಿಯುವ ಮುಂಚೆ ಆ ಕಡೆ ಒಂದು ನೋಟ ಹಾಯಿಸಿ. ವೇಗ ಏರಿದಷ್ಟೂ ಕಣ್ಣು ತಿರುವಿಗೇ ಅಂಟಿಕೊಳ್ಳುತ್ತೆ. ಗಂಟೆಗೆ 144 ಕಿ.ಮೀ. ಅಂದರೆ ಸೆಕೆಂಡಿಗೆ 40 ಮೀಟರ್. ಬಾವುಟ ಎಲ್ಲಿದೆ ಅಂತ ಆಗ ಹುಡುಕಲು ಪುರುಸೊತ್ತಿರಲ್ಲ. ಹಳದಿ ಬಾವುಟ ಅಂದರೆ ಮುಂದೆ ಅಪಾಯವಿದೆ ಅಂತ. ಒಂದು ಬೀಸುತ್ತಿದ್ದರೆ ವೇಗ ಇಳಿಸಿ, ಓವರ್‌ಟೇಕ್ ಮಾಡಬೇಡಿ, ಪಕ್ಕಕ್ಕೆ ಸರಿಯಲು ತಯಾರಿರಿ. ಎರಡು ಬೀಸುತ್ತಿದ್ದರೆ ಪೂರ್ತಿ ನಿಲ್ಲಿಸಲೂ ತಯಾರಿರಬೇಕು, ಮಾರ್ಷಲ್‌ಗಳೇ ಟ್ರ್ಯಾಕ್ ಮೇಲಿರಬಹುದು. ಹಸಿರು ಬಾವುಟ ದಾಟುವ ತನಕ ಇದೇ ನಿಯಮ. ಹಾಗಂತ ಗಾಬರಿಯಾಗಿ ಒಮ್ಮೆಲೇ ಬ್ರೇಕ್ ಒತ್ತಬೇಡಿ, ಹಿಂದಿನವನು ಬಾವುಟ ನೋಡಿಲ್ಲದಿದ್ದರೆ ನಿಮಗೇ ಗುದ್ದುತ್ತಾನೆ. ಕನ್ನಡಿ ನೋಡಿಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಈ ಉಪಾಯ ಕೈಕೊಡುವುದು ಎರಡು ಕಡೆ: ಮುಂದಿನ ಕಾರಿನ ಬಾಲಕ್ಕೇ ಅಂಟಿ ಹೋಗುವಾಗ, ಮತ್ತು ಸಂಜೆ ಬಿಸಿಲು ನೇರ ಕಣ್ಣಿಗೆ ಹೊಡೆಯುವಾಗ. ಆಗ ಬಾವುಟಕ್ಕೆ ಕಾಯದೆ, ತಿರುವಿನಾಚೆ ಧೂಳು ಎದ್ದಿದ್ದರೂ ಮುಂದಿನವರು ಕಾರಣವಿಲ್ಲದೆ ನಿಧಾನಿಸಿದರೂ ಅದನ್ನೇ ಹಳದಿ ಅಂದುಕೊಳ್ಳಿ.