ಒಂಬತ್ತನೇ ದಿನದ ಮಿಡಿತ

ಆ ಹುಡುಗ ರಕ್ತ ಕೊಡುವಾಗ ಕೇಳಿದ್ದ: "ಮೇಡಂ, ಇದರಿಂದ ನನಗೆ ವಾಸಿಯಾಗುತ್ತಾ?" "ಈಗಲೇ ಇಲ್ಲಪ್ಪ, ಆದರೆ ಔಷಧಿಯನ್ನು ಮೊದಲು ನಿನ್ನದೇ ಹೃದಯದ ಕೋಶಗಳ ಮೇಲೆ ಹಾಕಿ ನೋಡಬಹುದು" ಎಂದಿದ್ದೆ.

ಅವನದು ಹೃದಯದ ಸ್ನಾಯು ದಪ್ಪವಾಗುವ, ವಂಶದಲ್ಲಿ ಬರುವ ಕಾಯಿಲೆ. ಎಂವೈಬಿಪಿಸಿ3 ಎಂಬ ಜೀನ್‌ನಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋಗಿದ್ದವು. ಭಾರತದಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಲ್ಲಿ ಈ ಕೊರತೆ ಇದೆ ಎಂದು 2009ರಲ್ಲೇ ಪ್ರಕಟವಾಗಿತ್ತು. ಅವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. ಈ ಹುಡುಗನಿಗೆ ಅದೇ ಜೀನ್‌ನಲ್ಲಿ ಇನ್ನೊಂದು ದೋಷವೂ ಇತ್ತು. ತೊಂದರೆ ಕೊಡುತ್ತಿರುವುದು ಯಾವುದು? ನನ್ನ ಕೆಲಸ ಶುರುವಾಗಿದ್ದು ಅಲ್ಲಿಂದ.

ರಕ್ತದ ಕೋಶಗಳನ್ನು ಮತ್ತೆ ಕಾಂಡಕೋಶ, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕೋಶ, ಮಾಡುವುದಕ್ಕೆ ಜಪಾನಿನ ವಿಜ್ಞಾನಿ ಯಮನಾಕ ಅವರ ನಾಲ್ಕು ಜೀನ್‌ಗಳ ದಾರಿ ಇದೆ. ಅದು ಸುಸೂತ್ರವಾಗಿ ಆಯಿತು. ಹೃದಯದ ಕೋಶ ಮಾಡುವುದೇ ಕಷ್ಟ. ಮೊದಲು ವಿಂಟ್ ಎಂಬ ಸಂಕೇತವನ್ನು ಏರಿಸಬೇಕು, ಮೂರನೇ ದಿನ ಅದನ್ನೇ ತಡೆಯಬೇಕು. ನಾಲ್ಕು ಸಲ ಕೋಶಗಳೆಲ್ಲ ತಟ್ಟೆಯಿಂದ ಎದ್ದುಬಂದವು. ರಾಸಾಯನಿಕವನ್ನೇ ಅನುಮಾನಿಸುತ್ತಾ ತಿಂಗಳು ಕಳೆದೆ. ತಪ್ಪು ಇದ್ದಿದ್ದು ಶುರುವಿನಲ್ಲೇ, ತಟ್ಟೆಯಲ್ಲಿ ಕೋಶಗಳು ಬಹಳ ವಿರಳವಾಗಿದ್ದವು. ತಟ್ಟೆ ಹೆಚ್ಚುಕಡಿಮೆ ತುಂಬುವವರೆಗೆ ಕಾದು ಮಾಡಿದೆ. ಒಂಬತ್ತನೇ ದಿನ ಬೆಳಗ್ಗೆ ಮೈಕ್ರೋಸ್ಕೋಪಿನಲ್ಲಿ, ತಟ್ಟೆಯ ಅಂಚಿನಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕ ಜಾಗವೊಂದು ಮಿಡಿಯುತ್ತಿತ್ತು. ಆ ಹುಡುಗನದೇ ಮಿಡಿತ ಅಲ್ವಾ! ಕಣ್ಣು ತುಂಬಿಬಂತು.

ಆಮೇಲೆ ಸಕ್ಕರೆಯಿಲ್ಲದ, ಲ್ಯಾಕ್ಟೇಟ್ ಇರುವ ದ್ರಾವಣ ಹಾಕಿದೆ. ಬೇರೆ ಕೋಶಗಳು ಸಾಯುತ್ತವೆ, ಹೃದಯದವು ತಾಳಿಕೊಳ್ಳುತ್ತವೆ.

ಮೊದಲು ಬೇರೊಬ್ಬ ಆರೋಗ್ಯವಂತರ ಕೋಶಗಳ ಜೊತೆ ಹೋಲಿಸಿದೆ. ಅದು ಸುಮ್ನೆ ಕಾಲಹರಣ. ಇಬ್ಬರು ಮನುಷ್ಯರ ನಡುವೆ ಸಾವಿರ ವ್ಯತ್ಯಾಸ ಇರುತ್ತವೆ, ಯಾವುದನ್ನು ಕಾಯಿಲೆ ಎನ್ನುವುದು? ಕೊನೆಗೆ ಜೀನ್ ತಿದ್ದುವ ಕ್ರಿಸ್ಪರ್ ವಿಧಾನದಿಂದ ಅವನ ಕೋಶದಲ್ಲೇ ಆ ಎರಡನೇ ದೋಷವನ್ನು ಮಾತ್ರ ಸರಿಪಡಿಸಿದೆವು. ಎಂಟು ತಿಂಗಳು ಹಿಡಿಯಿತು. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ: ಔಷಧಿಗಿಂತ ಮೊದಲು, ಹೋಲಿಸುವುದಕ್ಕೆ ಇಂಥ ಸರಿಪಡಿಸಿದ ಕೋಶ ಮಾಡಲು ಸಮಯ ಕೊಡಿ. ಸರಿಪಡಿಸಿದ ಕೋಶಗಳ ಮಿಡಿತ ಹದಕ್ಕೆ ಬಂತು, 25 ಅಕ್ಷರ ಇಲ್ಲದಿದ್ದರೂ. ಸರಿಪಡಿಸದವು ಮೊದಲಿನಂತೆ ಅತಿ ಜೋರಾಗಿ ಸಂಕುಚಿಸುತ್ತಿದ್ದವು.

ಅವಕ್ಕೆ ಮಾವಕಾಮ್ಟೆನ್ ಹಾಕಿದೆ. ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕ ಔಷಧಿ ಇದು. ಸ್ನಾಯುವನ್ನು ಸಂಕುಚಿಸುವ ಮಯೋಸಿನ್ ಎಂಬ ಪ್ರೋಟೀನಿನ ಎಳೆತವನ್ನು ಕಡಿಮೆ ಮಾಡುತ್ತದೆ. ಸಣ್ಣ ಪ್ರಮಾಣದಲ್ಲಿ ಬಿಗಿತ ಇಳಿಯಿತು. ಸ್ವಲ್ಪ ಜಾಸ್ತಿ ಹಾಕಿದರೆ ಕೋಶ ಅಲುಗುವುದೇ ಕಷ್ಟ. ರೋಗಿಗಳಿಗೆ ಇದನ್ನು ಕೊಡುವಾಗ ಪದೇಪದೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸುವುದು ಯಾಕೆ ಎಂದು ಅವತ್ತು ಕಣ್ಣಾರೆ ಕಂಡೆ.

ಆದರೆ ಇವು ಇನ್ನೂ ಎಳೆಯ ಕೋಶಗಳು, ಗರ್ಭದ ಮಗುವಿನ ಹೃದಯದಂತೆ. ಅದಕ್ಕೇ ಹೊಸ ಬ್ಯಾಚನ್ನು 60 ದಿನ ಬೆಳೆಸುತ್ತಿದ್ದೇನೆ. ಇವತ್ತು 41ನೇ ದಿನ.